ಪತ್ತನಾಜೆಯ ಮರುದಿನ, ಎರಡು ಡಿಸ್ಕ್‌ಗಳ ನಡುವೆ

ಪತ್ತನಾಜೆ ಅಂದರೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ. ಅದರ ಮರುದಿನ ಬೆಳಿಗ್ಗೆ ಮಾಷ್ಟ್ರ ಫೋನ್ ಬಂತು.

"ಮೇಳದವರು ಗೆಜ್ಜೆ ಬಿಚ್ಚಿ ಆಯ್ತು ಮಾರಾಯ. ಇನ್ನು ದೀಪಾವಳಿ ಕಳೆಯುವವರೆಗೆ ನಂಗೂ ರಜೆ. ಆ ಡಿಸ್ಕ್ ಬಂದು ಎಂಟು ದಿನ ಆಯ್ತು. ಯಾವಾಗ ಬರ್ತಿ?"

"ಇವತ್ತೇ ಬರ್ತೇನೆ ಮಾಷ್ಟ್ರೇ" ಎಂದೆ.

ಅವರು ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ನಿವೃತ್ತಿಯಾದ ಮೇಲೆ ಅವರ ಕೆಲಸ ಒಂದೇ. ಎಲ್ಲಿ ಯಕ್ಷಗಾನದ ಆಟ ಇದ್ದರೂ ಕ್ಯಾಮೆರಾ ಹಿಡಿದು ಹೋಗುವುದು. ಉಡುಪಿಯ ಕಿನ್ನಿಮುಲ್ಕಿಯಲ್ಲಿರುವ ಅವರ ಮನೆಯ ಚಾವಡಿಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಅದರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಹಾಕಿಕೊಟ್ಟವನು ನಾನೇ. ಕಾಲಮಿತಿಯ ಆಟವಾದರೆ ಐದಾರು ಗಂಟೆ. ಬೆಳಗಿನವರೆಗೆ ನಡೆಯುವ ಆಟವಾದರೆ ಎಂಟು ಗಂಟೆ ಮೀರುತ್ತದೆ. ಅವರ ಕ್ಯಾಮೆರಾ ಗಂಟೆಗೆ ಸುಮಾರು 11 ಜಿಬಿ ತಿನ್ನುತ್ತದೆ. ಒಂದು ರಾತ್ರಿಗೆ 90 ಜಿಬಿ ಲೆಕ್ಕ ಹಿಡಿಯಿರಿ. 2 ಟಿಬಿ ಡಿಸ್ಕ್ ಎಷ್ಟು ದಿನ ಬಂದೀತು?

ಹೀಗಾಗುತ್ತದೆ ಎಂದು ಮೊದಲೇ ಗೊತ್ತಿತ್ತು. ಅದಕ್ಕೇ ಆ ಡಿಸ್ಕನ್ನು ಎಲ್‌ವಿಎಂ ಕ್ರಮದಲ್ಲಿ ಕಟ್ಟಿದ್ದೆ. ಅಂದರೆ ಫೈಲುಗಳು ನೇರವಾಗಿ ಡಿಸ್ಕ್‌ನ ಮೇಲೆ ಕೂರುವುದಿಲ್ಲ, ನಡುವೆ ಒಂದು ಪದರ ಇರುತ್ತದೆ. ಆ ಪದರ ಡಿಸ್ಕನ್ನು 4 ಎಂಬಿಯ ಸಣ್ಣ ಸಣ್ಣ ತುಂಡುಗಳಾಗಿ ನೋಡುತ್ತದೆ. ಎರಡು ಮೂರು ಡಿಸ್ಕ್‌ಗಳ ತುಂಡುಗಳನ್ನು ಒಟ್ಟು ಸೇರಿಸಿ ಒಂದೇ ದೊಡ್ಡ ಜಾಗದ ಹಾಗೆ ಕೊಡುತ್ತದೆ. ಎಚ್‌ಪಿಯ ಯುನಿಕ್ಸ್‌ನಲ್ಲಿದ್ದ ಕ್ರಮವನ್ನು ನೋಡಿ ಹೈಂಟ್ಸ್ ಮಾವೆಲ್ಸ್‌ಹಾಗನ್ ಎಂಬವರು 1998ರಲ್ಲಿ ಲಿನಕ್ಸ್‌ಗೆ ಇದನ್ನು ಬರೆದರು. ಮಾಷ್ಟ್ರಿಗೆ ಇಷ್ಟು ವಿವರಿಸಿದಾಗ ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು. "ಹುಣಿ ತೆಗೆದು ಎರಡು ಗದ್ದೆ ಒಟ್ಟು ಮಾಡಿದ ಹಾಗೆ ಅಲ್ವಾ?" ನಾನು ಇವತ್ತಿಗೂ ಬೇರೆಯವರಿಗೆ ಹಾಗೆಯೇ ಹೇಳಿಕೊಡುತ್ತೇನೆ.

ಹೊಸ ಡಿಸ್ಕ್ 4 ಟಿಬಿಯದು. ಕಂಪ್ಯೂಟರಿನ ಒಳಗೆ ಮೊದಲೇ ಇನ್ನೊಂದು 4 ಟಿಬಿ ಡಿಸ್ಕ್ ಇತ್ತು, ಅದೇ ಕಂಪನಿಯದು. ಅದು ಪ್ರತಿ, ಅಂದರೆ ಬ್ಯಾಕಪ್, ಇಡುವುದಕ್ಕೆ ಎಂದು ತಂದದ್ದು. ಆದರೆ ಅದು ಪ್ರತಿಯಾಗಿ ಉಳಿದಿರಲಿಲ್ಲ. ಜಾಗ ಸಾಲದೆ ಬಂದಾಗ ಮಾಷ್ಟ್ರು ಹಳೆಯ ವರ್ಷಗಳ ಆಟಗಳನ್ನು 2 ಟಿಬಿಯಿಂದ ಅಳಿಸುತ್ತಾ ಬಂದಿದ್ದರು. ಆ ಹಳೆಯ ಆಟಗಳು ಈಗ ಇದೊಂದೇ ಡಿಸ್ಕ್‌ನಲ್ಲಿದ್ದವು. ಕ್ಯಾಸೆಟ್‌ಗಳಿಂದ ಇಳಿಸಿದ ಹಾಡುಗಾರಿಕೆಯೂ ಅದರಲ್ಲೇ. ಅದನ್ನು ಹಾಡಿದ ಭಾಗವತರು ಈಗ ಇಲ್ಲ. ಕ್ಯಾಸೆಟ್‌ಗಳಿಗೆ ನಮ್ಮ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದು ಎಷ್ಟೋ ಕಾಲವಾಗಿದೆ.

ಮಧ್ಯಾಹ್ನ ಎರಡು ಗಂಟೆಗೆ ಹೋದೆ. ಹೊಸ ಡಿಸ್ಕನ್ನು ಮೊದಲು ಯುಎಸ್‌ಬಿ ಡಾಕ್‌ಗೆ ಹಾಕಿ, ಸರಿ ಇದೆಯೇ ಎಂದು ಪರೀಕ್ಷಿಸಿದೆ. ಆಗ ಲಿನಕ್ಸ್ ಅವಕ್ಕೆ ಕೊಟ್ಟ ಹೆಸರು: ಹಳೆಯ 2 ಟಿಬಿ ಎಸ್‌ಡಿಎ, ಪ್ರತಿಯ ಡಿಸ್ಕ್ ಎಸ್‌ಡಿಬಿ, ಹೊಸತು ಎಸ್‌ಡಿಸಿ. ಪುಸ್ತಕದಲ್ಲಿ ಬರೆದುಕೊಂಡೆ: ಹೊಸತು, ಎಸ್‌ಡಿಸಿ.

ಅಷ್ಟರಲ್ಲಿ ಮೂಡು ದಿಕ್ಕಿನಲ್ಲಿ ಮೋಡ ಕಟ್ಟಿ ಗುಡುಗು ಶುರುವಾಯಿತು. ಕರಾವಳಿಯಲ್ಲಿ ಮೇ ತಿಂಗಳ ಕೊನೆಯ ಗುಡುಗು ಎಂದರೆ ಯಾರೂ ಎರಡನೇ ಮಾತು ಆಡುವುದಿಲ್ಲ, ಪ್ಲಗ್ ಎಳೆಯುವುದೇ. ಕಂಪ್ಯೂಟರ್ ಬಂದ್ ಮಾಡಿ ಎಲ್ಲ ವಯರ್ ತೆಗೆದೆವು. ಅಮ್ಮ, ಅಂದರೆ ಮಾಷ್ಟ್ರ ಹೆಂಡತಿ, ಪುನರ್ಪುಳಿ ಶರಬತ್ತು ತಂದುಕೊಟ್ಟರು. ಸುಮ್ನೆ ಕೂರುವುದೇಕೆ ಎಂದು ನಾನು ಆ ಹೊತ್ತಿನಲ್ಲಿ ಪೆಟ್ಟಿಗೆ ಬಿಚ್ಚಿ, ಹೊಸ ಡಿಸ್ಕನ್ನು ಒಳಗಿನ ಖಾಲಿ ಜಾಗಕ್ಕೆ ಕೂರಿಸಿದೆ. ಸಾಟಾ ಕೇಬಲನ್ನು ಎರಡನೇ ಪೋರ್ಟ್‌ಗೆ ಚುಚ್ಚಿದೆ. ಪ್ರತಿಯ ಡಿಸ್ಕ್ ಮೂರನೇ ಪೋರ್ಟ್‌ನಲ್ಲಿತ್ತು.

ಒಂದು ಗಂಟೆ ಕಳೆದು ಆಕಾಶ ತಣ್ಣಗಾಯಿತು. ಕಂಪ್ಯೂಟರ್ ಹಾಕಿದೆ. ಪುಸ್ತಕ ನೋಡಿದೆ, ಎಸ್‌ಡಿಸಿ. ಡಿಸ್ಕನ್ನು ಪಾರ್ಟಿಶನ್‌ಗಳಾಗಿ, ಅಂದರೆ ಪಾಲುಗಳಾಗಿ, ಮಾಡುವ ಎಫ್‌ಡಿಸ್ಕ್ ಅನ್ನು ಎಸ್‌ಡಿಸಿಯ ಮೇಲೆ ಓಡಿಸಿದೆ. ಜಿ ಒತ್ತಿದೆ. ಪಾಲುಗಳ ವಿವರ ಇಡುವ ಹಳೆಯ ಎಂಬಿಆರ್ ಪಟ್ಟಿ 2 ಟಿಬಿ ದಾಟುವುದಿಲ್ಲ, ಹಾಗಾಗಿ ಇಷ್ಟು ದೊಡ್ಡ ಡಿಸ್ಕ್‌ಗೆ ಜಿಪಿಟಿ ಎಂಬ ಹೊಸ ಪಟ್ಟಿಯೇ ಬೇಕು. ಆಮೇಲೆ ಹೊಸ ಪಾರ್ಟಿಶನ್‌ಗೆ ಎನ್. ಮೂರು ಸಲ ಎಂಟರ್. ಪಾರ್ಟಿಶನ್ 2048ನೇ ಸೆಕ್ಟರಿನಿಂದ ಶುರುವಾಗಿ ಕೊನೆಯವರೆಗೆ ಹೋಯಿತು. ಅದರ ಕೆಳಗೆ ಒಂದು ಸಾಲು ಬಂತು. ಈ ಪಾರ್ಟಿಶನ್‌ನಲ್ಲಿ ಇಎಕ್ಸ್‌ಟಿ4ರ, ಅಂದರೆ ಲಿನಕ್ಸ್ ಫೈಲು ಇಡುವ ಕ್ರಮದ, ಗುರುತು ಇದೆ, ತೆಗೆಯಬೇಕೇ? ವೈ ಅಥವಾ ಎನ್.

ನನ್ನ ಬೆರಳು ವೈ ಮೇಲೆಯೇ ಇತ್ತು. ಈ ಪ್ರಶ್ನೆಗೆ ನಾನು ನೂರಾರು ಸಲ ಹೌದು ಎಂದಿದ್ದೇನೆ. ಆದರೆ ಪೊಟ್ಟಣ ಒಡೆದು ತೆಗೆದ ಹೊಸ ಡಿಸ್ಕ್‌ನಲ್ಲಿ ಇಎಕ್ಸ್‌ಟಿ4 ಎಲ್ಲಿಂದ ಬಂತು?

ಬೆನ್ನಿನಲ್ಲಿ ಬೆವರು ಇಳಿಯಿತು. ಪೋರ್ಟ್ ಬದಲಾಗಿ ಹೆಸರುಗಳು ಅದಲುಬದಲಾಗಿದ್ದವು. ನನ್ನ ಎದುರು ಇದ್ದದ್ದು ಪ್ರತಿಯ ಡಿಸ್ಕ್.

"ಎಂತ ಆಯ್ತು?" ಮಾಷ್ಟ್ರು ಕೇಳಿದರು. ಸುಳ್ಳು ಹೇಳಲಿಲ್ಲ. "ಮಾಷ್ಟ್ರೇ, ನಾನು ತಪ್ಪು ಡಿಸ್ಕ್‌ಗೆ ಕೈ ಹಾಕಿದ್ದೇನೆ. ಇನ್ನೂ ಏನೂ ಆಗಿಲ್ಲ" ಎಂದೆ. ಅವರು ಕುರ್ಚಿ ಎಳೆದು ಪಕ್ಕದಲ್ಲಿ ಕೂತರು. ಬೇರೆ ಮಾತು ಆಡಲಿಲ್ಲ.

ಏನೂ ಆಗಿಲ್ಲ ಎಂದು ಹೇಳಲು ಕಾರಣ ಇತ್ತು. ಎಫ್‌ಡಿಸ್ಕ್‌ನಲ್ಲಿ ನಾವು ಮಾಡುವುದೆಲ್ಲ ಡಬ್ಲ್ಯು ಒತ್ತುವವರೆಗೆ ಬರೀ ಮೆಮೊರಿಯಲ್ಲಿ ಇರುತ್ತದೆ. ಡಿಸ್ಕ್‌ಗೆ ಒಂದು ಅಕ್ಷರವೂ ಹೋಗಿರುವುದಿಲ್ಲ. ಗುರುತು ಬೇಡ ಎಂದು ಎನ್ ಒತ್ತಿ, ಆಮೇಲೆ ಕ್ಯೂ ಒತ್ತಿ ಹೊರಗೆ ಬಂದೆ. ಪಾರ್ಟಿಶನ್ ಇದ್ದ ಹಾಗೇ ಇತ್ತು. ಮೌಂಟ್ ಮಾಡಿ, ಅಂದರೆ ಡಿಸ್ಕ್ ತೆರೆದು, ನೋಡಿದೆವು, ಎಲ್ಲ ಫೋಲ್ಡರ್‌ಗಳೂ ಇದ್ದವು. ವೈ ಒತ್ತಿ, ಡಬ್ಲ್ಯು ಒತ್ತಿ, ಅದರ ಮೇಲೆ ಹೊಸ ಆಟಗಳನ್ನು ತುಂಬುತ್ತಾ ಹೋಗಿದ್ದರೆ ಆ ಭಾಗವತರ ಸ್ವರ ಮತ್ತೆ ಸಿಗುತ್ತಿರಲಿಲ್ಲ. ಇದನ್ನು ಬರೆಯುವಾಗಲೂ ಎದೆ ಹೊಡೆದುಕೊಳ್ಳುತ್ತದೆ.

ಎಸ್‌ಡಿಬಿ, ಎಸ್‌ಡಿಸಿ ಎಂಬುವು ಡಿಸ್ಕ್‌ನ ಹೆಸರುಗಳೇ ಅಲ್ಲ. ಕಂಪ್ಯೂಟರ್ ಶುರುವಾಗುವಾಗ ಯಾವುದು ಮೊದಲು ಕಂಡಿತೋ ಆ ಸರದಿಯ ಗುರುತು ಅಷ್ಟೇ. ಡಿಸ್ಕ್‌ಗೆ ಅದರದ್ದೇ ಆದದ್ದು ಸೀರಿಯಲ್ ನಂಬರ್. ಎಲ್‌ಎಸ್‌ಬಿಎಲ್‌ಕೆ ಎಂಬ ಕಮಾಂಡ್‌ಗೆ ಅಳತೆ, ಮಾಡೆಲ್, ಸೀರಿಯಲ್ ತೋರಿಸು ಎಂದೆ. ಎರಡೂ ಡಿಸ್ಕ್ 3.6 ಟಿ ಎಂದು ಬಂದವು. ಕಂಪನಿಯವರು ಸಾವಿರದ ಲೆಕ್ಕದಲ್ಲಿ 4 ಟಿಬಿ ಎನ್ನುತ್ತಾರೆ, ಈ ಕಮಾಂಡ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಮಾಡೆಲ್ ಕೂಡ ಒಂದೇ. ಬೇರೆ ಇದ್ದದ್ದು ಸೀರಿಯಲ್ ಮಾತ್ರ. ಮಾಷ್ಟ್ರು ಮೊಬೈಲ್ ಟಾರ್ಚ್ ಹಿಡಿದು, ಕನ್ನಡಕ ಹಣೆಗೆ ಏರಿಸಿ, ಪೆಟ್ಟಿಗೆಯ ಒಳಗೆ ಬಗ್ಗಿ ಚೀಟಿಯ ಮೇಲಿನ ನಂಬರನ್ನು ಒಂದೊಂದೇ ಅಕ್ಷರವಾಗಿ ಓದಿದರು. ನಾನು ಪರದೆಯ ಮೇಲೆ ಬೆರಳಿಟ್ಟು ಹೊಂದಿಸಿದೆ. ಎರಡು ಸಲ ಓದಿಸಿದೆ. ಹೊಸತು ಎಸ್‌ಡಿಬಿ.

ಆಮೇಲೆ ವೈಪ್‌ಎಫ್‌ಎಸ್ ಕೊಟ್ಟೆ. ಯಾವ ಆಯ್ಕೆಯೂ ಇಲ್ಲದೆ ಕೊಟ್ಟರೆ ಅದು ಏನನ್ನೂ ಅಳಿಸುವುದಿಲ್ಲ, ಡಿಸ್ಕ್‌ನಲ್ಲಿ ಯಾವ ಗುರುತುಗಳಿವೆ ಎಂದು ಹೇಳುತ್ತದೆ ಅಷ್ಟೇ. ಎಸ್‌ಡಿಬಿಯಲ್ಲಿ ಏನೂ ಬರಲಿಲ್ಲ. ಖಾಲಿ. ಆಗ ಧೈರ್ಯ ಬಂತು.

ಇಡೀ ಡಿಸ್ಕನ್ನೇ ಎಲ್‌ವಿಎಂಗೆ ಕೊಡಬಹುದು, ಪಾರ್ಟಿಶನ್ ಬೇಕೆಂದೇನೂ ಇಲ್ಲ. ಆದರೆ ಮನೆಯ ಕಂಪ್ಯೂಟರಿಗೆ ನಾನು ಪಾರ್ಟಿಶನ್ ಮಾಡಿಯೇ ಕೊಡುತ್ತೇನೆ. ರಜೆಗೆ ಬಂದ ಮೊಮ್ಮಗ ಯಾವತ್ತೋ ಈ ಡಿಸ್ಕನ್ನು ತನ್ನ ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಾಕಿಯಾನು. ಪಾರ್ಟಿಶನ್ ಪಟ್ಟಿ ಇಲ್ಲದಿದ್ದರೆ ಅದು ಹೊಸ ಡಿಸ್ಕ್ ಎಂದುಕೊಂಡು, ಸಿದ್ಧ ಮಾಡಲೇ ಎಂದು ಕೇಳುತ್ತದೆ. ಅವನು ಹೌದು ಎಂದರೆ ಮುಗಿಯಿತು. ಪಾರ್ಟಿಶನ್ ಇದ್ದು, ಅದರ ಬಗೆ ಲಿನಕ್ಸ್ ಎಲ್‌ವಿಎಂ ಎಂದು ಬರೆದಿದ್ದರೆ ನೋಡಿದವರಿಗೆ ಗೊತ್ತಾಗುತ್ತದೆ, ಇಲ್ಲಿ ಯಾರೋ ಇದ್ದಾರೆ ಎಂದು. ಎಂಬಿಆರ್‌ನಲ್ಲಿ ಈ ಬಗೆಗೆ 8ಇ ಎಂಬ ಸಂಖ್ಯೆ ಇತ್ತು. ಜಿಪಿಟಿಯಲ್ಲಿ ಎಫ್‌ಡಿಸ್ಕ್‌ನ ಪಟ್ಟಿ ತೆರೆದು ಹೆಸರು ನೋಡಿಯೇ ಆರಿಸಿದೆ. ನಿಜವಾಗಿ ಎಲ್‌ವಿಎಂ ಇದನ್ನು ನಂಬಿ ಕೂರುವುದಿಲ್ಲ. ಅದು ಪಾರ್ಟಿಶನ್‌ನ ಮೊದಲ ಕೆಲವು ಸೆಕ್ಟರ್‌ಗಳಲ್ಲಿ ತಾನೇ ಬರೆದ ಗುರುತನ್ನು ಹುಡುಕುತ್ತದೆ. ಬಗೆಯ ಸಂಖ್ಯೆ ಇರುವುದು ಮನುಷ್ಯರಿಗೆ.

ಡಬ್ಲ್ಯು ಒತ್ತುವ ಮೊದಲು ಮಾಷ್ಟ್ರ ಮುಖ ನೋಡಿದೆ. "ಒತ್ತು" ಎಂದರು.

ಉಳಿದದ್ದು ಐದು ನಿಮಿಷದ ಕೆಲಸ. ಪಿವಿಕ್ರಿಯೇಟ್ ಆ ಪಾರ್ಟಿಶನ್‌ಗೆ ಗುರುತು ಹಾಕಿತು, ವಿಜಿಎಕ್ಸ್‌ಟೆಂಡ್ ಅದನ್ನು ಹಳೆಯ 2 ಟಿಬಿ ಡಿಸ್ಕ್ ಇದ್ದ 'ಆಟ' ಎಂಬ ಗುಂಪಿಗೆ ಸೇರಿಸಿತು. ಗುಂಪಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ಕನ್ನಡ ಅಕ್ಷರ ಅದು ಒಪ್ಪುವುದಿಲ್ಲ. ಆ ಬೇಸರ ನನಗೆ ಮೊದಲ ದಿನದಿಂದ ಇದೆ. ಎಲ್‌ವಿಎಕ್ಸ್‌ಟೆಂಡ್‌ಗೆ ಆರ್ ಸೇರಿಸಿ ಕೊಟ್ಟರೆ ಒಳಗಿನ ಇಎಕ್ಸ್‌ಟಿ4 ಕೂಡ ಜೊತೆಗೆ ಬೆಳೆಯುತ್ತದೆ, ಮೌಂಟ್ ತೆಗೆಯುವುದೂ ಬೇಡ. ಸಿಕ್ಕ ಜಾಗವನ್ನೆಲ್ಲ ಕೊಡಲಿಲ್ಲ. ಅರ್ಧ ಟಿಬಿ ಹಾಗೇ ಬಿಟ್ಟೆ. ಬೆಳೆಸುವುದು ಸುಲಭ, ಕುಗ್ಗಿಸುವುದು ಕಷ್ಟ.

ಆಮೇಲೆ ಮಾಷ್ಟ್ರಿಗೆ ಒಂದು ಮಾತು ಬಿಡಿಸಿ ಹೇಳಿದೆ. ಗದ್ದೆ ಒಟ್ಟು ಮಾಡಿದ್ದೇವೆ ನಿಜ, ಆದರೆ ಈಗ ಎರಡರಲ್ಲಿ ಒಂದು ಡಿಸ್ಕ್ ಕೆಟ್ಟರೂ ಇಡೀ ಗದ್ದೆಗೆ ಪೆಟ್ಟು. ಎಲ್‌ವಿಎಂ ಜಾಗ ಕೊಡುತ್ತದೆ, ಪ್ರತಿ ಇಡುವುದಿಲ್ಲ.

"ಹಾಗಾದ್ರೆ ಹಳೇದನ್ನೆಲ್ಲ ಮತ್ತೆ ಇದಕ್ಕೆ ಇಳಿಸುವ. ಎರಡು ಕಡೆ ಇರ್ಲಿ" ಎಂದರು.

ರಾತ್ರಿ ಎಂಟಕ್ಕೆ ಕಾಪಿ ಶುರು ಮಾಡಿದೆವು. ಪ್ರತಿಯ ಡಿಸ್ಕ್‌ನಿಂದ ಮೊದಲು ಇಳಿದದ್ದು ಕ್ಯಾಸೆಟ್‌ನ ಹಾಡುಗಳು, ಮಾಷ್ಟ್ರು ಅದನ್ನೇ ಮೊದಲು ಹಾಕಿಸಿದರು. ಮರುದಿನ ಸಂಜೆ ಎಲ್ಲ ಮುಗಿದ ಮೇಲೆ ಪ್ರತಿಯ ಡಿಸ್ಕನ್ನು ಹೊರಗೆ ತೆಗೆದೆ. ಮಾಷ್ಟ್ರು ಅದರ ಮೇಲೆ ಬಿಳಿ ಟೇಪ್ ಅಂಟಿಸಿ, ಸೀರಿಯಲ್‌ನ ಕೊನೆಯ ನಾಲ್ಕು ಅಂಕೆ ಬರೆದು, ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಳಕೋಣೆಯ ಕಪಾಟಿನಲ್ಲಿ ಅಮ್ಮನ ರೇಷ್ಮೆ ಸೀರೆಗಳ ಪಕ್ಕ ಇಟ್ಟರು.