ಬಲಗೆನ್ನೆಯ ವಯಸ್ಸು

ಚರ್ಮಕ್ಕೆ ಎರಡು ಬಗೆಯ ಮುಪ್ಪು ಬರುತ್ತದೆ. ಒಂದು, ದೇಹದ ಉಳಿದ ಅಂಗಗಳ ಜೊತೆಗೇ ಕಾಲಕ್ರಮದಲ್ಲಿ ಆಗುವಂಥದ್ದು. ಇನ್ನೊಂದು, ಬಿಸಿಲು ತಂದಿಡುವಂಥದ್ದು. ಮುಖದ ಮೇಲೆ ಕಾಣುವ ಸುಕ್ಕು, ಕಪ್ಪುಕಲೆ, ಒರಟುತನಗಳಲ್ಲಿ ಹೆಚ್ಚಿನ ಪಾಲು ಎರಡನೆಯದರದ್ದು. ನಂಬದವರು ತಮ್ಮ ತೋಳಿನ ಒಳಭಾಗದ ಚರ್ಮವನ್ನೂ ಮುಂಗೈಯ ಮೇಲ್ಭಾಗದ ಚರ್ಮವನ್ನೂ ಅಕ್ಕಪಕ್ಕ ಹಿಡಿದು ನೋಡಬಹುದು. ಎರಡೂ ಹುಟ್ಟಿದ್ದು ಒಂದೇ ದಿನ.

ದಾವಣಗೆರೆಯಿಂದ ಮೆಕ್ಕೆಜೋಳದ ಲೋಡು ತುಂಬಿಕೊಂಡು ಚಿತ್ರದುರ್ಗ, ಹಿರಿಯೂರು ದಾಟಿ ಬೆಂಗಳೂರಿನ ಕಡೆಗೆ ವರ್ಷಗಟ್ಟಲೆ ಲಾರಿ ಓಡಿಸಿದ ನನ್ನ ಸೋದರಮಾವನ ಮುಖದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಕಿಟಕಿಯ ಕಡೆಗಿದ್ದ ಬಲಗೆನ್ನೆಯ ಗೆರೆಗಳು ಆಳವಾಗಿವೆ, ಕಣ್ಣಿನ ಬಲಬದಿಯ ಚರ್ಮ ದಪ್ಪಗಾಗಿ ಹಳದಿಗೆ ತಿರುಗಿದೆ. ಎಡಗೆನ್ನೆ ಮಾತ್ರ ಹತ್ತು ವರ್ಷ ಚಿಕ್ಕದು ಎನ್ನುವಂತಿದೆ. ಇಪ್ಪತ್ತೆಂಟು ವರ್ಷ ಟ್ರಕ್ ಓಡಿಸಿದ 69 ವರ್ಷದ ಒಬ್ಬರ ಚಿತ್ರವನ್ನು ಅಮೆರಿಕದ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' 2012ರಲ್ಲಿ ಪ್ರಕಟಿಸಿತ್ತು. ಅಲ್ಲಿ ಚಾಲಕರು ಎಡಗಡೆ ಕೂರುವುದರಿಂದ ಅವರ ಎಡಗೆನ್ನೆ ಸುಕ್ಕುಗಟ್ಟಿತ್ತು. ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ, ಚರ್ಮವನ್ನು ಸುಡುವ ಯುವಿಬಿ ಕಿರಣವನ್ನು ಗಾಜು ಬಹುಮಟ್ಟಿಗೆ ತಡೆಯುತ್ತದೆ, ಆದರೆ ಆಳಕ್ಕೆ ಇಳಿಯುವ ಯುವಿಎ ಕಿರಣ ಗಾಜನ್ನು ದಾಟಿ ಬರುತ್ತದೆ. ಆದ್ದರಿಂದ ಉರಿಯಲಿಲ್ಲ, ಕೆಂಪಾಗಲಿಲ್ಲ ಎಂದ ಮಾತ್ರಕ್ಕೆ ಚರ್ಮಕ್ಕೆ ಏನೂ ಆಗಲಿಲ್ಲ ಎಂದಲ್ಲ.

ಹೊರಚರ್ಮದ ತಳದಲ್ಲಿ ಹುಟ್ಟುವ ಕೆರಟಿನೋಸೈಟ್ ಎಂಬ ಕೋಶಗಳು ಮೇಲಕ್ಕೆ ಸರಿಯುತ್ತಾ, ಚಪ್ಪಟೆಯಾಗುತ್ತಾ, ಸುಮಾರು ನಾಲ್ಕು ವಾರಗಳಲ್ಲಿ ಸತ್ತ ಹೊಟ್ಟಾಗಿ ಉದುರುತ್ತವೆ. ವಯಸ್ಸಾದಂತೆ ಈ ಪಯಣ ನಿಧಾನವಾಗುತ್ತದೆ, ಮುಖ ಕಳೆಗುಂದಿದಂತೆ ಕಾಣುತ್ತದೆ. ನಿಜವಾದ ಮುಪ್ಪು ಇರುವುದು ಅದರ ಕೆಳಗಿನ ಒಳಚರ್ಮದಲ್ಲಿ. ಅಲ್ಲಿರುವ ಫೈಬ್ರೊಬ್ಲಾಸ್ಟ್ ಕೋಶಗಳು ಕೊಲಾಜೆನ್ ಮತ್ತು ಎಲಾಸ್ಟಿನ್ ಎಂಬ ನಾರುಗಳನ್ನು ನೇಯುತ್ತವೆ. ಚರ್ಮದ ಬಿಗಿ, ಎಳೆದು ಬಿಟ್ಟರೆ ಮರಳುವ ಗುಣ, ಎರಡೂ ಅವುಗಳಿಂದಲೇ. ಈ ಕೋಶಗಳು ಎಷ್ಟು ಸಲ ಬೇಕಾದರೂ ವಿಭಜನೆಯಾಗಲಾರವು, ಪ್ರಯೋಗಾಲಯದಲ್ಲಿ ಸುಮಾರು ಐವತ್ತು ಸಲದ ಆಸುಪಾಸಿನಲ್ಲಿ ನಿಂತುಬಿಡುತ್ತವೆ ಎಂದು ಅಮೆರಿಕದ ವಿಜ್ಞಾನಿ ಲಿಯೊನಾರ್ಡ್ ಹೇಫ್ಲಿಕ್ 1961ರಲ್ಲಿ ತೋರಿಸಿದರು. ಹಾಗೆ ನಿಂತ ಕೋಶಗಳು ಸಾಯದೆ ಅಲ್ಲೇ ಉಳಿದು, ಉರಿಯೂತ ಹುಟ್ಟಿಸುವ ರಾಸಾಯನಿಕಗಳನ್ನು ಸ್ರವಿಸುತ್ತಾ ನೆರೆಯ ಕೋಶಗಳನ್ನೂ ಕೆಡಿಸುತ್ತವೆ. ಇದರ ಮೇಲೆ ಬಿಸಿಲು ಬಿದ್ದರೆ, ಕೊಲಾಜೆನ್ ಕತ್ತರಿಸುವ ಕಿಣ್ವಗಳು ಚುರುಕಾಗುತ್ತವೆ, ಹೊಸದನ್ನು ನೇಯುವ ಕೆಲಸ ಹಿಂದೆ ಬೀಳುತ್ತದೆ. ಬೀಡಿ, ಸಿಗರೇಟುಗಳೂ ಇದೇ ಹಾನಿಯನ್ನು ಹೆಚ್ಚಿಸುತ್ತವೆ.

ನಮ್ಮಂಥ ಕಂದು ಬಣ್ಣದವರಿಗೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಒಂದಿಷ್ಟು ರಕ್ಷಣೆ ಕೊಡುವುದರಿಂದ ಸುಕ್ಕು ತಡವಾಗಿ ಬರುತ್ತದೆ. ಆದರೆ ಬಂಗು ಮತ್ತು ಕಲೆಗಳು ಬೇಗ ಬರುತ್ತವೆ. ಆದ್ದರಿಂದ ಸನ್‌ಸ್ಕ್ರೀನ್ ಬೆಳ್ಳಗಿರುವವರಿಗೆ ಮಾತ್ರ ಎಂಬ ಮಾತಿಗೆ ಅರ್ಥವಿಲ್ಲ. ಆಸ್ಟ್ರೇಲಿಯಾದ ನಾಂಬೂರ್ ಎಂಬ ಊರಿನಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದಾಗ, ದಿನವೂ ಸನ್‌ಸ್ಕ್ರೀನ್ ಹಚ್ಚಲು ಹೇಳಿದ್ದ ಗುಂಪಿನಲ್ಲಿ ಚರ್ಮದ ಮುಪ್ಪು ಶೇ. 24ರಷ್ಟು ಕಡಿಮೆ ಕಂಡಿತೆಂದು 2013ರಲ್ಲಿ ವರದಿಯಾಯಿತು. ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30 ಇರುವಂಥದ್ದನ್ನು ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಹಿಂಡಿಕೊಂಡು ಮುಖ, ಕತ್ತಿಗೆ ಹಚ್ಚಿದರೆ ಸಾಕು. ಬಂಗು ಇದ್ದವರಿಗೆ ಐರನ್ ಆಕ್ಸೈಡ್ ಸೇರಿದ ಬಣ್ಣದ ಸನ್‌ಸ್ಕ್ರೀನ್ ಮೇಲು. ಏಪ್ರಿಲ್ ಮಧ್ಯಾಹ್ನ ಮಂಡಿಪೇಟೆಗೆ ಹೊರಟವರಿಗೆ ಇದರ ಜೊತೆಗೆ ಛತ್ರಿಯೂ ಬೇಕು. ಛತ್ರಿ ಹಿಡಿಯಲು ಗಂಡಸರು ಏಕೆ ನಾಚುತ್ತಾರೋ ನನಗೆ ಇಂದಿಗೂ ತಿಳಿದಿಲ್ಲ.

ರಾತ್ರಿಯ ಹೊತ್ತಿಗೆ ಪ್ರಯೋಜನಕ್ಕೆ ಬರುವುದು ವಿಟಮಿನ್ ಎ ಬಳಗದ ರೆಟಿನಾಯ್ಡ್‌ಗಳು. ಇವು ಹೊರಚರ್ಮದ ಕೋಶಗಳ ಹೊಸಹುಟ್ಟನ್ನು ಚುರುಕುಗೊಳಿಸಿ, ಫೈಬ್ರೊಬ್ಲಾಸ್ಟ್‌ಗಳಿಂದ ಕೊಲಾಜೆನ್ ನೇಯಿಸುತ್ತವೆ. ಮೊದಲ ವಾರಗಳಲ್ಲಿ ಸಿಪ್ಪೆ ಏಳುವುದು, ಉರಿಯುವುದು ಸಹಜವಾದ್ದರಿಂದ ಕಡಲೆಕಾಳಿನಷ್ಟನ್ನು ದಿನ ಬಿಟ್ಟು ದಿನ ಹಚ್ಚಬೇಕು, ಬಸುರಿಯರು ಹಚ್ಚಲೇಬಾರದು. ಡಬ್ಬಿಯ ಮೇಲೆ ಕೊಲಾಜೆನ್ ಎಂದು ಬರೆದ ದುಬಾರಿ ಕ್ರೀಮುಗಳ ಬಗ್ಗೆ ನನಗೆ ಗೌರವವಿಲ್ಲ: ಆ ಅಣು ಎಷ್ಟು ದೊಡ್ಡದೆಂದರೆ ಅದು ಚರ್ಮದ ಮೇಲೆಯೇ ಉಳಿಯುತ್ತದೆ. ನಮ್ಮ ಬಯಲುಸೀಮೆಯ ಒಣಗಾಳಿಗೆ ಸ್ನಾನವಾದ ಕೂಡಲೇ, ಮೈ ಇನ್ನೂ ಒದ್ದೆಯಿರುವಾಗ, ಸೆರಮೈಡ್ (ಚರ್ಮದಲ್ಲಿ ಸಹಜವಾಗಿ ಇರುವ ಜಿಡ್ಡು) ಇರುವ ಸಾದಾ ಮಾಯಿಶ್ಚರೈಸರನ್ನೋ ಕೈಕಾಲುಗಳಿಗಾದರೆ ಕೊಬ್ಬರಿ ಎಣ್ಣೆಯನ್ನೋ ಸವರಿಕೊಂಡರೆ ತೇವ ಉಳಿಯುತ್ತದೆ.

ನನಗೆ ಹೆಚ್ಚು ಆತಂಕವಿರುವುದು ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ಕೊಂಡು ಹಚ್ಚುವ, 'ಮುಖ ಬೆಳ್ಳಗಾಗುವ' ಟ್ಯೂಬುಗಳ ಬಗ್ಗೆ. ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಬಂಗಿಗೆಂದು ತಂದು ಹಚ್ಚಿದಾಗ ಮೊದಲು ಮುಖ ತಿಳಿಯಾಯಿತು, ತಿಂಗಳುಗಳು ಕಳೆದಂತೆ ಕೆನ್ನೆ ಕೆಂಪೇರಿ, ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳ ಬಲೆ ಕಾಣತೊಡಗಿತು. ಅದರಲ್ಲಿದ್ದುದು ಸ್ಟೀರಾಯ್ಡ್; ನಾವು ಕಾಪಾಡಿಕೊಳ್ಳಬೇಕಾದ ಫೈಬ್ರೊಬ್ಲಾಸ್ಟ್‌ಗಳನ್ನೇ ಅದು ಹತ್ತಿಕ್ಕುತ್ತದೆ. ಟ್ಯೂಬಿನ ಮೇಲಿನ ಸಣ್ಣಕ್ಷರಗಳಲ್ಲಿ ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರುಗಳಿದ್ದರೆ ವೈದ್ಯರು ಬರೆದುಕೊಡದೆ ಅದನ್ನು ಮುಖಕ್ಕೆ ಮುಟ್ಟಿಸಬಾರದು. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದವರು ಒಮ್ಮೆಲೇ ಬಿಟ್ಟರೆ ಉರಿ, ಕೆಂಪು ಇನ್ನಷ್ಟು ಕೆರಳುವುದುಂಟು. ಆ ಟ್ಯೂಬನ್ನು ಎಸೆಯದೆ ಜೊತೆಗೆ ತೆಗೆದುಕೊಂಡು ಹೋಗಿ ಚರ್ಮವೈದ್ಯರಿಗೆ ತೋರಿಸುವುದು ಒಳ್ಳೆಯದು.