ವಿಂಧ್ಯಗಿರಿಯ ಮೆಟ್ಟಿಲುಗಳ ಮೇಲೆ ನಡೆದ ವಾದ

ಅಕ್ಕನ ಮಗ ಅಗ್ನಿವೀರ ಭರ್ತಿಗೆ ತಯಾರಾಗುತ್ತಿದ್ದುದಕ್ಕೆ ನಮ್ಮ ಮನೆಯಲ್ಲಿ ಎಲ್ಲರ ಒಪ್ಪಿಗೆಯೂ ಇತ್ತು, ನನ್ನ ಮಗಳೊಬ್ಬಳದನ್ನು ಬಿಟ್ಟು. ಬೆಂಗಳೂರಿನಲ್ಲಿ ಕಾನೂನು ಓದುತ್ತಿರುವ ಅವಳು ರಜೆಗೆ ಹಾಸನಕ್ಕೆ ಬಂದಿದ್ದಾಗ, ಅವರಿಬ್ಬರನ್ನೂ ನನ್ನ ಸೋದರಮಾವನನ್ನೂ ಕರೆದುಕೊಂಡು ಶ್ರವಣಬೆಳಗೊಳಕ್ಕೆ ಹೋಗಿದ್ದೆ. ಮಾವ ಕಾಲಾಳು ಪಡೆಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಊರಿನಲ್ಲಿ ಇಂದಿಗೂ ಅವರನ್ನು ಹೆಸರು ಹಿಡಿದು ಕರೆಯುವವರಿಗಿಂತ ‘ಮಿಲಿಟ್ರಿಯವರು’ ಎನ್ನುವವರೇ ಹೆಚ್ಚು.

1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡುವ ಅಭ್ಯಾಸದಲ್ಲಿದ್ದ ಹುಡುಗ ಬರಿಗಾಲಲ್ಲಿ ಮೆಟ್ಟಿಲುಗಳನ್ನು ದಡದಡನೆ ಹತ್ತಿ, ತ್ಯಾಗದ ಕಂಬದ ಬಳಿ ನಮಗಾಗಿ ಕಾಯುತ್ತಿದ್ದ. ಸೇನೆಗೆ ಏಕೆ ಸೇರುತ್ತೀಯೆಂದು ಮಗಳು ಕೇಳಿದ್ದು ಅಲ್ಲಿಯೇ. ನಾಲ್ಕು ವರ್ಷದ ಕೊನೆಗೆ ಸೇವಾನಿಧಿಯೆಂದು ಸುಮಾರು 11.71 ಲಕ್ಷ ಕೈಗೆ ಬರುತ್ತದೆ, ನೂರಕ್ಕೆ ಇಪ್ಪತ್ತೈದು ಮಂದಿಯಲ್ಲಿ ತಾನೂ ಒಬ್ಬನಾದರೆ ನೌಕರಿ ಮುಂದುವರಿಯುತ್ತದೆ, ದೇಶಸೇವೆಯೂ ಆಗುತ್ತದೆ ಎಂದು ಅವನು ಇದ್ದದ್ದನ್ನು ಇದ್ದಂತೆ ಹೇಳಿದ. ಸಂಬಳದ ಮಾತೆತ್ತಿದರೆ ದೇಶಭಕ್ತಿಗೆ ಕುಂದು ಬರುತ್ತದೆಂದು ನಾನಂತೂ ತಿಳಿದಿಲ್ಲ. ನಮ್ಮ ಕಡೆಯ ರೈತರ ಮಕ್ಕಳು ಸೇನೆಗೆ ಹೋಗುತ್ತಿರುವುದು ಬಹುಮಟ್ಟಿಗೆ ಹೀಗೆಯೇ.

ಮಗಳ ಪ್ರಶ್ನೆ ಬೇರೆಯಾಗಿತ್ತು. “ಗುಂಡು ಹಾರಿಸು ಅಂದಾಗ ನಿನ್ನ ಮನಸ್ಸಾಕ್ಷಿ ಒಪ್ಪದಿದ್ದರೆ?” ಎಂದಳು. ಹಾಗೆ ಹೇಳುವವರು ದೇಶದ್ರೋಹಿಗಳು ಎಂದು ಹುಡುಗ ತಟ್ಟನೆ ಹೇಳಿಬಿಟ್ಟ. ಆಗ ಅವಳು, ಬ್ರಿಟನ್ನಿನಲ್ಲಿ ಸೇನಾಸೇವೆಯನ್ನು ಕಡ್ಡಾಯಗೊಳಿಸಿದ 1916ರ ಕಾಯಿದೆಯಲ್ಲಿಯೇ ಆತ್ಮಸಾಕ್ಷಿಯ ಕಾರಣಕ್ಕೆ ವಿನಾಯಿತಿ ಕೇಳಲು ಅವಕಾಶವಿತ್ತೆಂದೂ, ದಕ್ಷಿಣ ಕೊರಿಯಾದಲ್ಲಿ 2020ರಿಂದ ಅಂಥವರು ಬಂದೂಕು ಹಿಡಿಯುವ ಬದಲು ಸೆರೆಮನೆಗಳಲ್ಲಿ 36 ತಿಂಗಳು ಕೆಲಸ ಮಾಡುತ್ತಾರೆಂದೂ ವಿವರಿಸಿದಳು. ಅಲ್ಲಿ ಪದಾತಿ ಸೈನಿಕನ ಅವಧಿ ಅದರ ಅರ್ಧದಷ್ಟು ಮಾತ್ರ ಎಂದು ಕೇಳಿ ಮಾವ ತಲೆದೂಗಿದರು. ಅಮೆರಿಕದ ಬಾಕ್ಸರ್ ಮುಹಮ್ಮದ್ ಅಲಿಯ ವಿಷಯ ಅವರಿಗೆ ಗೊತ್ತಿತ್ತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1967ರಲ್ಲಿ, ಸೇನೆಗೆ ಸೇರಲು ಒಪ್ಪದೆ ಆತ ಪಟ್ಟ ಕಳೆದುಕೊಂಡು, ಐದು ವರ್ಷದ ಸಜೆ ತಲೆಯ ಮೇಲೆ ತೂಗುತ್ತಿರುವಾಗ ಮೂರು ವರ್ಷಕ್ಕೂ ಹೆಚ್ಚು ಕಾಲ ಕಣದಿಂದ ಹೊರಗಿದ್ದ. ಅಮೆರಿಕದ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ರದ್ದುಪಡಿಸಿದ್ದು 1971ರಲ್ಲಿ. “ಅವನು ಓಡಿಹೋಗಲಿಲ್ಲ. ಬೇಡ ಅಂತ ಎದುರಿಗೇ ನಿಂತು ಹೇಳಿದ. ಅಂಥವನಿಗೆ ಹೇಡಿ ಅನ್ನೋಕೆ ನನ್ನ ಕೈಲಾಗಲ್ಲ” ಎಂದರು ಮಾವ.

ಆದರೆ ರಾಷ್ಟ್ರಗೀತೆಯ ಪ್ರಕರಣಕ್ಕೆ ಅವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೇರಳದಲ್ಲಿ ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಗಡದ ಮೂರು ಮಕ್ಕಳು ರಾಷ್ಟ್ರಗೀತೆ ಹಾಡಲಿಲ್ಲವೆಂದು 1985ರಲ್ಲಿ ಶಾಲೆಯಿಂದ ಹೊರಹಾಕಲ್ಪಟ್ಟಿದ್ದರು. ಗೌರವದಿಂದ ಎದ್ದು ನಿಂತಿದ್ದ ಮಕ್ಕಳನ್ನು ಹಾಗೆ ಹೊರಹಾಕಿದ್ದು ತಪ್ಪೆಂದು ನಮ್ಮ ಸುಪ್ರೀಂ ಕೋರ್ಟು ಮರುವರ್ಷ ತೀರ್ಪಿತ್ತಿತು. “ಪ್ರಾಣ ಕೊಡಿ ಅಂತ ಯಾರೂ ಕೇಳಲಿಲ್ಲವಲ್ಲ, ಹಾಡೋಕೇನು?” ಎಂಬುದು ಮಾವನ ತಕರಾರು. ಈ ಒಂದು ವಿಷಯದಲ್ಲಿ ನಾನು ಮಗಳ ಕಡೆಗೆ ನಿಂತೆ. ಅಲಿಯ ಹಟವನ್ನು ಮೆಚ್ಚಿ ಮಕ್ಕಳ ಮೌನವನ್ನು ಖಂಡಿಸುವುದು ನನಗೆ ಸರಿಕಾಣಲಿಲ್ಲ. ಬೆಲೆ ತೆತ್ತವನನ್ನಷ್ಟೇ ಗೌರವಿಸುತ್ತೇವೆಂದರೆ ಬೆಲೆ ತೆರಿಸುವುದನ್ನೂ ಒಪ್ಪಿದಂತಾಗುತ್ತದೆ.

ಮೇಲೆ ಗೊಮ್ಮಟನ ಪಾದದ ಬಳಿ ವಾದ ಮತ್ತೆ ಹೊತ್ತಿಕೊಂಡಿತು. ಗೆದ್ದ ರಾಜ್ಯವನ್ನೇ ಬಿಟ್ಟುಹೋದವನ ಮುಂದೆ ಇದಕ್ಕಿಂತ ಇನ್ನೇನು ಸಾಕ್ಷಿ ಬೇಕೆಂದು ಮಗಳು ಕೇಳಿದಳು. “ಗೆದ್ದಮೇಲೆ ಬಿಟ್ಟ, ಮೊದಲೇ ಬಿಟ್ಟಿದ್ದರೆ ನಾವು ಬೆಟ್ಟ ಹತ್ತುತ್ತಿರಲಿಲ್ಲ” ಎಂದು ಮಾವ ನಕ್ಕರು. ಆದರೆ ಭರತ ಬಾಹುಬಲಿಯರ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ತ್ಯಾಗಕ್ಕಿಂತ ಮೊದಲಿನ ಘಟನೆ: ಎರಡು ಸೇನೆಗಳು ಎದುರುಬದುರು ನಿಂತಿರುವಾಗ ಮಂತ್ರಿಗಳು ನಡುವೆ ಬಂದು, ಜಗಳ ಅಣ್ಣತಮ್ಮಂದಿರದಾಗಿರುವಾಗ ಸೈನಿಕರೇಕೆ ಸಾಯಬೇಕೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಇಬ್ಬರನ್ನೂ ಒಪ್ಪಿಸುತ್ತಾರೆ. ಈ ವಿಗ್ರಹವನ್ನು ಮಾಡಿಸಿದ ಚಾವುಂಡರಾಯನೋ ಗಂಗರ ದಂಡನಾಯಕ, ‘ಸಮರಧುರಂಧರ’ ಎಂಬ ಬಿರುದು ಹೊತ್ತವನು. ಅತ್ತ ಹಳೇಬೀಡಿನಲ್ಲಿ, ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ಹೆಂಡತಿಯೊಡನೆಯೂ ಪರಿವಾರದೊಡನೆಯೂ ಪ್ರಾಣ ಬಿಟ್ಟ ಗರುಡ, ಎಂದರೆ ಒಡೆಯನೊಡನೆಯೇ ಸಾಯುವ ಪಣ ತೊಟ್ಟ ಅಂಗರಕ್ಷಕ, ಕುವರ ಲಕ್ಷ್ಮನ ಕಂಬವಿದೆ. ಒಡೆಯನಿಗಾಗಿ ಸತ್ತವನನ್ನೂ ಯುದ್ಧದಿಂದ ಹಿಂದೆ ಸರಿದವನನ್ನೂ ಒಂದೇ ಜಿಲ್ಲೆಯ ಕಲ್ಲುಗಳು ನೆನೆಯುತ್ತಿರುವಾಗ, ದೇಶಭಕ್ತಿಯೆಂದರೆ ಇಷ್ಟೇ ಎಂದು ಗೆರೆ ಎಳೆಯುವವರನ್ನು ಕಂಡರೆ ನನಗೆ ಸ್ವಲ್ಪ ಸೋಜಿಗವೇ.

ಇಳಿಯುವಾಗ ಮಾವ ತಮ್ಮ ಮಾತನ್ನು ಬಿಡಿಸಿ ಹೇಳಿದರು. ನಮ್ಮ ದೇಶದಲ್ಲಿ ಯಾರನ್ನೂ ಒತ್ತಾಯದಿಂದ ಸೇನೆಗೆ ಎಳೆಯುವುದಿಲ್ಲ. ಮನಸ್ಸಿಲ್ಲದವನು ಮನೆಯಲ್ಲಿರಲಿ, ಅವನನ್ನು ಹೀಗಳೆಯಲು ಬಂದೂಕು ಮುಟ್ಟದವರಿಗೆ ಯಾವ ಹಕ್ಕೂ ಇಲ್ಲ. “ಆದರೆ ಕಸಂ ಪರೇಡ್‌ನಲ್ಲಿ ಪ್ರಮಾಣ ಮಾಡಿದಮೇಲೆ ಮಾತು ಬೇರೆ. ಪಕ್ಕದ ಜವಾನ ನಿನ್ನ ನಂಬಿ ಮುಂದೆ ಹೋಗಿರ್ತಾನೆ. ಆಗ ಒಲ್ಲೆ ಅನ್ನೋದಾದರೆ ಕೋರ್ಟ್ ಮಾರ್ಷಲ್‌ಗೂ ಸಿದ್ಧನಾಗಿ ಅನ್ನಬೇಕು.” ಮನಸ್ಸು ಬದಲಾಗುವುದು ಯುದ್ಧವನ್ನು ಕಣ್ಣಾರೆ ಕಂಡಮೇಲೆಯೇ ಅಲ್ಲವೇ ಎಂದು ಮಗಳು ಕೇಳಿದಳು. ಮಾವ ಅದನ್ನು ಅಲ್ಲಗಳೆಯಲಿಲ್ಲ, ತಮ್ಮ ಮಾತನ್ನು ಬದಲಿಸಲೂ ಇಲ್ಲ. ತಾತ, ನಿಮಗೆ ಎಂದಾದರೂ ಹಾಗನ್ನಿಸಿತ್ತೇ ಎಂದು ಹುಡುಗ ಕೇಳಿದ್ದಕ್ಕೆ, “ಅದನ್ನೆಲ್ಲ ನೀನು ಹೋಗಿಬಂದಮೇಲೆ ಕೇಳು” ಎಂದರು.

ಮುಂದಿನ ವಾರ ಅವನ ಆನ್‌ಲೈನ್ ಅರ್ಜಿಯನ್ನು ತುಂಬಿಕೊಟ್ಟವಳು ನನ್ನ ಮಗಳೇ. ತರಬೇತಿಯ ನಡುವೆ ಬಿಟ್ಟು ಬರಬೇಕೆನಿಸಿದರೆ ನಿಯಮವೇನಿದೆ ಎಂಬುದನ್ನು ಸಹಿ ಹಾಕುವ ಮೊದಲು ಓದಿಕೊಳ್ಳುವಂತೆ ಅವನಿಗೆ ತಾಕೀತನ್ನೂ ಮಾಡಿದಳಂತೆ.