ಹಡಗು ನೋಡೋಕೆ ಹೋಗಿ ಹೆಡರ್ ಹುಡುಕಿದ್ದು

ಕಾರವಾರದ ನಮ್ಮ ಮನೆ ತಾರಸಿಯಿಂದ ಸಮುದ್ರ ಕಾಣುತ್ತದೆ. ಬಂದರಿಗೆ ಬರುವ ದೊಡ್ಡ ಹಡಗುಗಳು ತಮ್ಮ ಗುರುತು, ಜಾಗ, ವೇಗ ಎಲ್ಲವನ್ನೂ 161.975 ಮತ್ತು 162.025 ಮೆಗಾಹರ್ಟ್ಸ್‌ನಲ್ಲಿ ಹೇಳುತ್ತಲೇ ಇರುತ್ತವೆ, ಅದನ್ನು ಕೇಳೋಕೆ ಕಂಪ್ಯೂಟರಿನ ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೋ, ಅಂದರೆ ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಸಾಕು. ಡಾಂಗಲ್ ತರಿಸಿದೆ. ಆ ಸಂಕೇತ ಬಿಡಿಸುವ ಪ್ರೋಗ್ರಾಂನ ಸೋರ್ಸ್ ಕೋಡ್ ಇಳಿಸಿಕೊಂಡು, ಅದನ್ನು ಕಟ್ಟುವ 'ಮೇಕ್' ಕಮಾಂಡ್ ಹೊಡೆದೆ. ಎರಡು ಸಾಲು ಓಡಿ ನಿಂತಿತು: 'ಆರ್‌ಟಿಎಲ್-ಎಸ್‌ಡಿಆರ್ ಡಾಟ್ ಎಚ್' ಅನ್ನೋ ಫೈಲೇ ಇಲ್ಲವಂತೆ.

ಇಲ್ಲ ಅಂದ್ರೆ ಹೇಗೆ? ಡಾಂಗಲ್ ಜೊತೆ ಮಾತಾಡುವ ಸಿದ್ಧ ಕೋಡ್, ಅಂದರೆ ಲೈಬ್ರರಿ, ಹಾಕಿದ್ದೆ, ಟೆಸ್ಟ್ ಪ್ರೋಗ್ರಾಂ ಡಾಂಗಲನ್ನು ಗುರುತಿಸಿಯೂ ಇತ್ತು!

ಉಬುಂಟು, ಡೆಬಿಯನ್ ಥರದ ಲಿನಕ್ಸ್‌ನಲ್ಲಿ ಒಂದೇ ಲೈಬ್ರರಿಗೆ ಎರಡು ಪ್ಯಾಕೇಜ್. ಒಂದು ಓಡಿಸೋಕೆ, ಇನ್ನೊಂದು ಕಟ್ಟೋಕೆ. ಎರಡನೆಯದರ ಹೆಸರಿನ ಕೊನೆಯಲ್ಲಿ 'ಡೆವ್' ಇರುತ್ತದೆ, ಫೆಡೋರಾದಲ್ಲಿ 'ಡೆವೆಲ್'. ಹೆಸರಿನ ಕೊನೆಗೆ 'ಡಾಟ್ ಎಚ್' ಇರುವ ಹೆಡರ್ ಫೈಲ್ ಇರೋದು ಅದರಲ್ಲೇ. ತೋಟ ಇದೆ, ಪಹಣಿ ಕೈಯಲ್ಲಿಲ್ಲ ಅಂದ ಹಾಗೆ. ಒಳಗೆ ಯಾವ ಫಂಕ್ಷನ್ ಇದೆ, ಅದಕ್ಕೆ ಏನೇನು ಕೊಡಬೇಕು ಅನ್ನೋ ಕಾಗದ ನೋಡದೆ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಮುಂದೆ ಹೋಗೋದಿಲ್ಲ.

ಆಗ ಇದು ಗೊತ್ತಿರಲಿಲ್ಲ. ನೆಟ್‌ನಿಂದ ಆ ಹೆಡರ್ ಒಂದನ್ನೇ ಇಳಿಸಿ ಯೂಸರ್-ಲೋಕಲ್-ಇನ್‌ಕ್ಲೂಡ್ ಫೋಲ್ಡರಿಗೆ ತುರುಕಿದೆ. ಕಂಪೈಲ್ ಆಯಿತು, ಆದರೆ ತುಂಡುಗಳನ್ನು ಜೋಡಿಸುವ ಲಿಂಕರ್ ಲೈಬ್ರರಿಯೇ ಸಿಗಲಿಲ್ಲ ಅಂತ ಕೂತಿತು. ಓಡಿಸುವ ಪ್ಯಾಕೇಜಿನಲ್ಲಿ ಇರೋದು 'ಎಸ್‌ಒ' ಆದ ಮೇಲೆ ಆವೃತ್ತಿಯ ಸಂಖ್ಯೆ ಅಂಟಿಸಿಕೊಂಡ ಫೈಲ್, ಲಿಂಕರ್ ಹುಡುಕೋದು ಸಂಖ್ಯೆ ಇಲ್ಲದ ಹೆಸರನ್ನು, ಆ ಹೆಸರಿನ ಸಿಮ್‌ಲಿಂಕ್ (ಅಸಲಿ ಫೈಲಿಗೆ ಕೈತೋರುವ ಹೆಸರು) ಬರೋದೂ ಡೆವ್ ಪ್ಯಾಕೇಜಿನ ಜೊತೆಗೇ. ಮಧ್ಯೆ ಕರೆಂಟ್ ಬೇರೆ ಹೋಯಿತು, ಮಳೆಗಾಲ ಅಲ್ವಾ.

ಕೊನೆಗೆ ಕೈಹಿಡಿದದ್ದು ಆಪ್ಟ್-ಫೈಲ್. ಒಮ್ಮೆ ಅಪ್‌ಡೇಟ್ ಮಾಡಿ, ಸರ್ಚ್ ಅಂತ ಹೆಡರ್ ಹೆಸರು ಕೊಟ್ಟರೆ ಯಾವ ಪ್ಯಾಕೇಜಿನಲ್ಲಿದೆ ಅಂತ ಅದೇ ಹೇಳುತ್ತದೆ. ನನಗೆ ಬೇಕಿದ್ದದ್ದು 'ಲಿಬ್‌ಆರ್‌ಟಿಎಲ್‌ಎಸ್‌ಡಿಆರ್-ಡೆವ್'. ಹಾಕಿದ ಮೇಲೆ ನಾನು ತುರುಕಿದ್ದನ್ನು ಅಳಿಸಿದೆ. ಇದನ್ನು ಮರೆಯಬೇಡಿ, ಜಿಸಿಸಿ ಕಂಪೈಲರ್ ಮೊದಲು ಇಣುಕೋದು ಲೋಕಲ್ ಫೋಲ್ಡರಿಗೇ, ಹಳೇದು ಅಲ್ಲಿದ್ದರೆ ಅದನ್ನೇ ಎತ್ತಿಕೊಳ್ಳುತ್ತದೆ.

ಆಮೇಲೆ ಯುಎಸ್‌ಬಿಗೆ ಬೇಕಾದ ಇನ್ನೊಂದು ಲೈಬ್ರರಿಯ ಹೆಡರ್ 'ಲಿಬ್‌ಯುಎಸ್‌ಬಿ ಡಾಟ್ ಎಚ್' ಇಲ್ಲ ಅಂತ ಶುರುವಾಯಿತು. ಇದು ಬೇರೆ ಥರ. ಡೆವ್ ಪ್ಯಾಕೇಜ್ ಇತ್ತು, ಫೈಲೂ ಇತ್ತು, ಆದರೆ ಇನ್‌ಕ್ಲೂಡ್ ಒಳಗಿನ 'ಲಿಬ್‌ಯುಎಸ್‌ಬಿ-1.0' ಅನ್ನೋ ಫೋಲ್ಡರಿನಲ್ಲಿ. ಕಂಪೈಲರ್ ತಾನಾಗಿ ಒಳಗೊಳಗೆ ಹುಡುಕಲ್ಲ. ಪಿಕೆಜಿ-ಕಾನ್ಫಿಗ್ ಅನ್ನೋ ಟೂಲಿಗೆ ಸಿಫ್ಲಾಗ್ಸ್ (ಕಂಪೈಲರಿಗೆ ಕೊಡುವ ಸೂಚನೆ) ಕೇಳಿದರೆ ಆ ದಾರಿ ಕೊಡುತ್ತದೆ, ಅದನ್ನು ಮೇಕ್ ಓದುವ ಮೇಕ್‌ಫೈಲಿಗೆ ಸೇರಿಸಿದೆ.

ಸಂಜೆ ಆ್ಯಂಟೆನಾವನ್ನು ಬಟ್ಟೆ ಒಣಗಿಸುವ ತಂತಿಗೆ ಕಟ್ಟಿದೆ. ಮೊದಲು ಬಂದ ಹಡಗಿನ ಗುರುತಿನ ನಂಬರ್ 419ರಿಂದ ಶುರು. ಅಂದರೆ ಭಾರತದ್ದೇ ಹಡಗು. ತಲೆ ಎತ್ತಿ ನೋಡಿದರೆ ಮಳೆಯಲ್ಲಿ ಏನೂ ಕಾಣಲಿಲ್ಲ.